ಪ್ರೊಫೈಲ್ ಗೇಜ್: ಹಳೆ ಮನೆಯ ಕಿಟಕಿ ಪಟ್ಟಿಗಳ ಮೇಲೆ ಎರಡು ವರ್ಷ ಬಳಸಿದ ಮೇಲೆ

ಪ್ರೊಫೈಲ್ ಗೇಜ್ ಅಂದರೆ ಸಾಲು ಹಲ್ಲುಗಳ ಸಾಧನ, ಮರದ ಮೇಲೆ ಒತ್ತಿದರೆ ಹಲ್ಲುಗಳು ಹಿಂದೆ ಸರಿದು ಅದರ ಆಕಾರ ಹಿಡಿಯುತ್ತವೆ. ಈ ಹಲ್ಲು ಸಡಿಲವಾಗುವುದೇ ನನ್ನ ಗೇಜ್‌ನ ದೊಡ್ಡ ತೊಂದರೆ. ಹೊಸದರಲ್ಲಿ ಬಿಗಿಯಾಗಿಯೇ ಇತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಡುವಿನ ಹಲ್ಲುಗಳು ತಾವಾಗಿಯೇ ಜಾರತೊಡಗಿದವು. ಮರದ ಮೇಲೆ ಒತ್ತಿ, ಲಾಕ್ ಹಾಕಿ, ಕಾಗದದ ಹತ್ತಿರ ತರುವ ಹೊತ್ತಿಗೆ ಆಕಾರ ಕೆಟ್ಟಿರುತ್ತದೆ. ಪಕ್ಕದ ತಿರುಪು ಬಿಗಿಸಿದರೆ ತುದಿಯ ಹಲ್ಲುಗಳು ಅಲ್ಲಾಡುವುದೇ ಇಲ್ಲ, ನಡುವಿನವು ಹಾಗೇ ಇರುತ್ತವೆ. ಐನೂರು ರೂಪಾಯಿ ಒಳಗಿನ ಪ್ಲಾಸ್ಟಿಕ್ ಸಾಮಾನು, ನಿಜ. ಆದರೂ ಅಳತೆಗೆಂದೇ ಮಾಡಿದ ವಸ್ತು ಅಳತೆಯನ್ನೇ ಹಿಡಿದಿಡದಿದ್ದರೆ ಸಿಟ್ಟು ಬರುತ್ತದೆ, ಅಲ್ವಾ?

ನನಗೆ ಇದು ಬೇಕಾದದ್ದು ಮಲ್ಲೇಶ್ವರದ ನಮ್ಮ ಹಳೆ ಮನೆಯ ಕಿಟಕಿಗಳಿಗೆ. ಚೌಕಟ್ಟು ಗೋಡೆಗೆ ಸೇರುವಲ್ಲಿ ಸುತ್ತಲೂ ತೇಗದ ಪಟ್ಟಿ ಇದೆ. ಒಂದು ದಪ್ಪ ಉಬ್ಬು, ಅದರ ಪಕ್ಕ ಸಣ್ಣ ತೋಡು, ಆಮೇಲೆ ಒಳಕ್ಕೆ ಬಾಗಿದ ಇಳಿಜಾರು. ಕೆಳಗಿನ ತುಂಡುಗಳನ್ನು ಗೆದ್ದಲು ತಿಂದಿತ್ತು. ಅಂಗಡಿಯ ರೆಡಿಮೇಡ್ ಬೀಡಿಂಗ್ ಯಾವುದೂ ಹೊಂದಲಿಲ್ಲ. ಹೆಚ್ಚುಕಮ್ಮಿ ಹೊಂದುವಂಥದ್ದಂತೂ ಇನ್ನೂ ಕೆಟ್ಟದ್ದು. ಹಳೆಯದರ ಪಕ್ಕ ಕೂರಿಸಿದರೆ ಬೆಳಗಿನ ಬಿಸಿಲಿಗೆ ನೆರಳು ಬೇರೆ ಥರ ಬೀಳುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ಭಾನುವಾರ ಕಾಫಿ ಮುಗಿಸಿ ಒಂದು ಕಿಟಕಿ ಹಿಡಿದು ಕೂರುವುದು ಅಭ್ಯಾಸವಾಯಿತು. ಮೊದಲು ಬಣ್ಣ ತೆಗೆಯಬೇಕು. ತಲೆಮಾರುಗಳ ಎನಾಮೆಲ್ ಆ ತೋಡಿನಲ್ಲಿ ತುಂಬಿಕೊಂಡಿದ್ದರೆ ಗೇಜ್‌ಗೆ ಸಿಗುವುದು ಬಣ್ಣದ ಆಕಾರ, ಮರದ್ದಲ್ಲ. ಹಾಗಂತ ಒಣ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮಿತಿ ಕಡ್ಡಾಯವಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ವಿಷಕಾರಿ ಸೀಸ ಹೆಚ್ಚಿರಬಹುದು, ಅದರ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ನಾನು ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಹಳೆ ಟೂತ್‌ಬ್ರಷ್‌ನಿಂದ ಗೇಜ್‌ನ ಧೂಳು ತೆಗೆದು, ಮೇಜಿನ ಅಂಚಿಗೆ ಒತ್ತಿ ಹಲ್ಲುಗಳನ್ನು ಒಂದೇ ಸಾಲಿಗೆ ತರುತ್ತೇನೆ. ಆಮೇಲೆ ಪಟ್ಟಿಗೆ ಸರಿಯಾಗಿ ಅಡ್ಡಲಾಗಿ ಹಿಡಿದು ಮೆಲ್ಲಗೆ ಒತ್ತುವುದು. ಸ್ವಲ್ಪ ಓರೆಯಾದರೂ ಉಬ್ಬು ಅಗಲವಾಗಿ ಮೂಡುತ್ತದೆ. ಬಾಚಣಿಗೆಯಂಥ ಆ ಹಲ್ಲುಗಳು ಕರಕರ ಎನ್ನುತ್ತಾ ಹಿಂದೆ ಸರಿದು ಮರದ ಆಕಾರ ಕಾಣಿಸುವಾಗ ಇವತ್ತಿಗೂ ಖುಷಿಯಾಗುತ್ತದೆ. ಗೇಜನ್ನು ಮರದಿಂದ ಬಿಡಿಸುವ ಮೊದಲೇ ಹಲ್ಲುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಈಗ ಜಾರುವುದಿಲ್ಲ. ಆಮೇಲೆ ಹಲ್ಲುಗಳ ಅಂಚಿಗೆ ಕಾಗದದ ಮೇಲೆ ಗೆರೆ ಎಳೆದು, ಅದೇ ಗೆರೆಗೆ ರಟ್ಟು ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತೇನೆ.

ಈ ಗೇಜ್ ಇಲ್ಲದಿದ್ದರೆ ನನಗೆ ಗೊತ್ತಾಗದೇ ಹೋಗುತ್ತಿದ್ದ ಸಂಗತಿ ಒಂದಿದೆ. ಎರಡು ಕಿಟಕಿಯ ಗೆರೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಅವು ಕೂಡುವುದಿಲ್ಲ. ಟೇಪ್ ಹಾಕಿ ಮತ್ತೆ ತೆಗೆದರೂ ಅಷ್ಟೇ. ನಮ್ಮ ಬಡಗಿ ಆಚಾರ್ರು ನೋಡಿದ ಕೂಡಲೇ, "ಇದು ಕೈಯಲ್ಲಿ ತೋಪಡ (ಮರ ಹೆರೆಯುವ ಉಪಕರಣ) ಹೊಡೆದಿರೋ ಕೆಲಸ ಅಮ್ಮಾ, ಎರಡು ಕಿಟಕಿ ಒಂದೇ ಥರ ಹೇಗೆ ಬರುತ್ತೆ?" ಎಂದರು. ಒಂದೊಂದು ಕಿಟಕಿಗೆ ಬೇಕಾದದ್ದು ಮೂರ್ನಾಲ್ಕು ಅಡಿ ಪಟ್ಟಿ. ಅಷ್ಟಕ್ಕೆ ಯಂತ್ರಕ್ಕೆ ಬೇರೆ ಬೇರೆ ಆಕಾರದ ಕಟರ್ (ಅಲಗು) ಮಾಡಿಸುವ ಶಕ್ತಿ ನನ್ನ ಜೇಬಿಗಿಲ್ಲ. ಅವರು ನನ್ನ ರಟ್ಟಿನ ಅಚ್ಚು ನೋಡಿಕೊಂಡು ಹಳೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಅರದಲ್ಲಿ ಉಜ್ಜಿ ಅದೇ ಆಕಾರಕ್ಕೆ ತಂದರು, ಮರದ ಹಿಡಿಗೆ ಸಿಕ್ಕಿಸಿದರು. ಜಾಸ್ತಿ ಮರವನ್ನು ರೌಟರ್ ಎಂಬ ಮರ ಕೊರೆಯುವ ಯಂತ್ರದಲ್ಲಿ ತೆಗೆದು, ಕೊನೆಯ ಆಕಾರವನ್ನು ಆ ಬ್ಲೇಡಿನಿಂದ ಕೆರೆದು ತಂದರು. ಕಿಟಕಿಗೊಂದು ಬ್ಲೇಡು. ಸಣ್ಣ ತೋಡಿನ ಒಳಗಂತೂ ಗೇಜ್ ಹೋಗಲಿಲ್ಲ, ಅದರ ಹಲ್ಲೇ ತೋಡಿಗಿಂತ ದಪ್ಪ. ಅದಕ್ಕೆ ಕಳಚಿದ ತುಂಡನ್ನೇ ಅಡ್ಡಕ್ಕೆ ಕೊಯ್ದು ಕಾಗದದ ಮೇಲಿಟ್ಟು ಗೆರೆ ಎಳೆದೆವು.

ಮರ ಹಳೆ ತೊಲೆಯಿಂದ ಕೊಯ್ಸಿದ ತೇಗ. ಕೂರಿಸಿದಾಗ ಎಳೆ ಬಣ್ಣಕ್ಕಿತ್ತು. ಬೆಳಕು ಬಿದ್ದು ಬಿದ್ದು ಈಗ ಹಳೆಯದರ ಹತ್ತಿರಕ್ಕೆ ಬಂದಿದೆ. ಎಲ್ಲಿ ಜೋಡಿಸಿದ್ದು ಎಂದು ನಮ್ಮತ್ತೆ ಬೆರಳಾಡಿಸಿ ಹುಡುಕಿದರೂ ಸಿಗಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವುದಾದರೆ ಐದು ಇಂಚಿನದು ಸಾಕು, ನಾಲ್ಕು ಇಂಚಿನ ಪಟ್ಟಿಗೆ ಹತ್ತು ಇಂಚಿನದು ಸುಮ್ನೆ ಕೈಗೆ ಅಡ್ಡ. ಉಕ್ಕಿನ ಸೂಜಿಗಳ ಗೇಜ್ ಇನ್ನೂ ಸೂಕ್ಷ್ಮವಾಗಿ ಆಕಾರ ಹಿಡಿಯುತ್ತದೆ, ಆದರೆ ಫ್ರೆಂಚ್ ಪಾಲಿಶ್ ಮಾಡಿದ ಬಾಗಿಲಿನ ಮೇಲೆ ಒತ್ತಬೇಡಿ, ಗೀರು ಬೀಳುತ್ತದೆ.