ಸ್ಟೆಂಟ್ ಹಾಕಿಸಿಕೊಂಡ ಅಪ್ಪಯ್ಯನಿಗೆ ಕೆನಡಾ ಇನ್ಶೂರೆನ್ಸ್: ಬ್ರೋಕರ್‌ಗೆ 5, ಕಂಪನಿಗೆ 3

ಶಿರಸಿ ಕಡೆಯ ಹಳ್ಳಿಗಳಲ್ಲಿ ಈಗ ಮಕ್ಕಳ ಬಾಣಂತನಕ್ಕೆ ಅಂತ ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ ಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಶುಗರ್, ಬಿಪಿ ಇಲ್ಲದವರು ಸಿಗುವುದೇ ಅಪರೂಪ. ವೀಸಾ ಬಗ್ಗೆ, ಟಿಕೆಟ್ ಬಗ್ಗೆ, ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ಏರ್‌ಪೋರ್ಟಲ್ಲಿ ಬಿಡ್ತಾರೋ ಇಲ್ವೋ ಅನ್ನುವುದರ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಇನ್ಶೂರೆನ್ಸ್ ಮಾತ್ರ ಕೊನೆಯ ವಾರದಲ್ಲಿ ಯಾರೋ ಹೇಳಿದ್ದನ್ನು ಮಾಡಿಸಿ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಅಪ್ಪಯ್ಯ, ಆಯಿ ಇಬ್ಬರೂ ಅಕ್ಕನ ಮನೆಗೆ, ಕೆನಡಾದ ಮಿಸಿಸ್ಸಾಗಾಕ್ಕೆ ಹೋಗಿ ಬಂದರು. ಪಾಲಿಸಿ ಮಾಡಿಸಿದ್ದೂ ಆಯಿತು, ಕ್ಲೇಮ್ ಆಗಿದ್ದೂ ಆಯಿತು. ಹಾಗಾಗಿ ಎರಡೂ ಕಡೆ ನೋಡಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಷರತ್ತುಗಳು ಹೆಚ್ಚು ಕಡಿಮೆ ಎಲ್ಲ ಕಂಪನಿಗಳದ್ದೂ ಒಂದೇ ತರ.

ಮೊದಲು ನಮ್ಮ ಕಡೆಯ ಪರಿಸ್ಥಿತಿ. ಅಪ್ಪಯ್ಯನಿಗೆ 68. ಶುಗರ್ ಇದೆ, ಬಿಪಿ ಇದೆ, ಕೆಲವು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಯಿಗೆ ಥೈರಾಯ್ಡ್ ಬಿಟ್ಟರೆ ಬೇರೇನೂ ಇಲ್ಲ. ಅಕ್ಕ ಹಾಕಿಸಿದ್ದು ಸೂಪರ್ ವೀಸಾ, ಅಂದರೆ ಕೆನಡಾದಲ್ಲಿ ನೆಲೆಸಿದ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ವೀಸಾ. ಇದರಲ್ಲಿ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು, ಆದರೆ ಇನ್ಶೂರೆನ್ಸ್ ಇಲ್ಲದೆ ವೀಸಾನೇ ಕೊಡುವುದಿಲ್ಲ. ಕಡಿಮೆ ಅಂದರೂ 1 ಲಕ್ಷ ಕೆನಡಾ ಡಾಲರಿನ ಪಾಲಿಸಿ ಬೇಕು, ಕಾಲಿಟ್ಟ ದಿನದಿಂದ ಒಂದು ವರ್ಷ ನಡೆಯಬೇಕು. ಬರೀ ಕೊಟೇಶನ್ ತೋರಿಸಿದರೆ ಆಗುವುದಿಲ್ಲ, ದುಡ್ಡು ಕಟ್ಟಿರಬೇಕು, ಇಲ್ಲಾ ಕಂತಿನ ಮೊದಲ ಪಾಲಾದರೂ ಕಟ್ಟಿರಬೇಕು.

ಊರಿನ ಏಜೆಂಟ್ ಒಬ್ಬರು ಮೊದಲು ತೋರಿಸಿದ್ದು ನಮ್ಮ ದೇಶದ ಟ್ರಾವೆಲ್ ಪಾಲಿಸಿ. ರೇಟ್ ನೋಡಿ ಅಪ್ಪಯ್ಯನಿಗೆ ಖುಷಿಯೋ ಖುಷಿ. ಆದರೆ ಮೊದಲೇ ಇದ್ದ ಕಾಯಿಲೆಗೆ ಅದರಲ್ಲಿ ಸಿಗುವುದು ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ, ಅದೂ ಸಣ್ಣ ಮಿತಿಯವರೆಗೆ. ಅದಕ್ಕಿಂತ ದೊಡ್ಡ ತೊಡಕು ಅಂದರೆ ಸೂಪರ್ ವೀಸಾಕ್ಕೆ ಅದು ನಡೆಯುವುದೇ ಇಲ್ಲ. ಮೊದಲೆಲ್ಲ ಕೆನಡಾದ ಕಂಪನಿಯದ್ದೇ ಆಗಬೇಕಿತ್ತು. 2025ರ ಜನವರಿ 28ರಿಂದ ಹೊರಗಿನ ಕಂಪನಿಯದ್ದೂ ಆಗುತ್ತದೆ, ಆದರೆ ಅಲ್ಲಿನ ಹಣಕಾಸು ನಿಯಂತ್ರಣ ಕಚೇರಿಯ ಅನುಮತಿ ಆ ಕಂಪನಿಗೆ ಇರಬೇಕು. ಏಜೆಂಟಿಗೆ ಇದು ಗೊತ್ತೇ ಇರಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಬಸ್ಸಿನ ಟಿಕೆಟ್ಟಿಂದ ಹಿಡಿದು ಕಾಶಿಯಾತ್ರೆವರೆಗೆ ಎಲ್ಲ ಮಾಡಿಕೊಡುತ್ತಾರೆ, ಇದೊಂದು ಅವರ ಕೆಲಸವಲ್ಲ ಅಷ್ಟೆ.

ಆಮೇಲೆ ಅಕ್ಕ ಅಲ್ಲಿಯ ಒಬ್ಬ ಬ್ರೋಕರ್ ಹತ್ತಿರ ಮಾತಾಡಿಸಿದಳು. ಪಂಜಾಬಿನವರು, ಹಿಂದಿಯಲ್ಲಿ ಮಾತು. ಇವರಿಗೆ ನಾನು 5ಕ್ಕೆ 5 ಕೊಟ್ಟಿದ್ದು ಒಂದೇ ಕಾರಣಕ್ಕೆ. ರೇಟ್ ಹೇಳುವುದಕ್ಕೆ ಮೊದಲು ಗುಳಿಗೆಗಳ ಪಟ್ಟಿ ಕೇಳಿದರು. ಹೆಸರು, ಎಷ್ಟು ಎಂಜಿ, ಯಾವಾಗಿನಿಂದ, ಕೊನೆಯ ಸಲ ಬದಲಾಗಿದ್ದು ಯಾವಾಗ, ಯಾವುದಾದರೂ ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಹೇಳಿ ಇನ್ನೂ ಮಾಡಿಸದೆ ಬಾಕಿ ಇದೆಯಾ, ಎಲ್ಲ. ನಂತರ ಒಂದು ಪ್ರಶ್ನೆ: ನಾಲಿಗೆ ಅಡಿಗೆ ಇಡುವ ಗುಳಿಗೆ ಈ ಆರು ತಿಂಗಳಲ್ಲಿ ತೆಗೆದುಕೊಂಡಿದ್ದಾರಾ? ಅಪ್ಪಯ್ಯನ ಕವಳದ ಸಂಚಿಯಲ್ಲಿ ಸಾರ್ಬಿಟ್ರೇಟ್ ಸ್ಟ್ರಿಪ್ ಒಂದು ಯಾವಾಗಲೂ ಇರುತ್ತದೆ, ಸುಣ್ಣದ ಡಬ್ಬಿ ಪಕ್ಕದಲ್ಲಿ. ತೆಗೆದು ನೋಡಿದೆ, ಒಂದೂ ಒಡೆದಿರಲಿಲ್ಲ. ಎದೆನೋವಿಗೆ ಅಂತ ನೈಟ್ರೊಗ್ಲಿಸರಿನ್ ಜಾತಿಯ ಗುಳಿಗೆ ಆ ಅವಧಿಯಲ್ಲಿ ತೆಗೆದುಕೊಂಡಿದ್ದರೆ ಹೃದಯದ ಕಾಯಿಲೆಯನ್ನು ಪೂರ್ತಿ ಹೊರಗಿಡುವ ಪಾಲಿಸಿಗಳಿವೆ ಅಂತ ಅವರು ಹೇಳಿದರು. ಇದನ್ನು ನಮ್ಮೂರಲ್ಲಿ ಯಾರು ಹೇಳುತ್ತಿದ್ದರು?

ಈಗ ಮುಖ್ಯ ಷರತ್ತಿಗೆ ಬರುತ್ತೇನೆ. ಇದನ್ನು ನಿಧಾನ ಓದಿ. ಸೂಪರ್ ವೀಸಾ ಪಾಲಿಸಿ ಎರಡು ತರ. ಒಂದರಲ್ಲಿ ಮೊದಲೇ ಇದ್ದ ಕಾಯಿಲೆಗೆ ಏನೂ ಇಲ್ಲ, ಅದು ಅಗ್ಗ. ಇನ್ನೊಂದರಲ್ಲಿ ಇದೆ, ಆದರೆ ಆ ಕಾಯಿಲೆ 'ಸ್ಟೇಬಲ್' ಆಗಿರಬೇಕು. ಎಷ್ಟು ಕಾಲ ಅಂದರೆ ಪಾಲಿಸಿ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ 90 ದಿನವೋ 180 ದಿನವೋ, ಕಂಪನಿ ಮತ್ತು ವಯಸ್ಸು ನೋಡಿ. ಆ ದಿನಗಳಲ್ಲಿ ಹೊಸ ಲಕ್ಷಣ ಕಾಣಿಸಿಕೊಂಡಿರಬಾರದು, ಆಸ್ಪತ್ರೆ ಸೇರಿರಬಾರದು, ಟೆಸ್ಟ್ ಬಾಕಿ ಇರಬಾರದು, ಗುಳಿಗೆ ಬದಲಾಗಿರಬಾರದು. ಡೋಸ್ ಕೂಡ ಬದಲಾಗಿರಬಾರದು. ಹೆಚ್ಚಾದರೆ ಮಾತ್ರ ಅಲ್ಲ, ಕಡಿಮೆ ಆದರೂ ಬದಲಾವಣೆಯೇ! ಡಾಕ್ಟರ್ ಖುಷಿಯಿಂದ ಬಿಪಿ ಗುಳಿಗೆ ಅರ್ಧ ಮಾಡಿದರೂ ಕಂಪನಿ ಲೆಕ್ಕದಲ್ಲಿ ಅದು ಸ್ಟೇಬಲ್ ಅಲ್ಲ. ಇನ್ಸುಲಿನ್ ಡೋಸ್ ಹೆಚ್ಚು ಕಡಿಮೆ ಮಾಡಿಕೊಳ್ಳುವುದಕ್ಕೆ ಕೆಲವು ಪಾಲಿಸಿಗಳಲ್ಲಿ ವಿನಾಯಿತಿ ಇದೆ, ಎಲ್ಲದರಲ್ಲೂ ಇಲ್ಲ.

ನಮಗೆ ತಾಗಿದ್ದು ಇದೇ. ಹೊರಡುವ ಮೊದಲು ಶುಗರ್ ಟೆಸ್ಟ್ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಜಾಸ್ತಿ ಬಂತು. ಡಾಕ್ಟರ್ ಮೆಟ್‌ಫಾರ್ಮಿನ್ 500 ಇದ್ದದ್ದನ್ನು 1000 ಮಾಡಿದರು. ಬ್ರೋಕರ್‌ಗೆ ಹೇಳಿದ್ದಕ್ಕೆ, ಇವತ್ತಿಂದ ದಿನ ಎಣಿಸಿ, ಟಿಕೆಟ್ ಮುಂದಕ್ಕೆ ಹಾಕಿ, ಪಾಲಿಸಿ ಶುರುವಾಗುವ ತಾರೀಖನ್ನು ನಾನು ಬದಲಾಯಿಸಿ ಕೊಡುತ್ತೇನೆ ಅಂದರು. ಹಾಗೇ ಮಾಡಿದೆವು. ಬೇರೆಯವರಾಗಿದ್ದರೆ ಮೊದಲು ಪಾಲಿಸಿ ಮಾರಿಬಿಡುತ್ತಿದ್ದರು.

ಆದರೆ ಈ ಷರತ್ತಿನ ಬಗ್ಗೆ ನನಗೆ ಸಿಟ್ಟಿದೆ. ಪರೀಕ್ಷೆ ಮಾಡಿಸಿಕೊಂಡು, ಡಾಕ್ಟರ್ ಹೇಳಿದಂತೆ ಗುಳಿಗೆ ಸರಿಮಾಡಿಕೊಂಡವನಿಗೆ ಇಲ್ಲಿ ದಂಡ. ಆರು ತಿಂಗಳು ಆಸ್ಪತ್ರೆ ಕಡೆ ತಲೆ ಹಾಕದೆ, ಶುಗರ್ ಏರಿದ್ದೇ ಗೊತ್ತಿಲ್ಲದೆ ವಿಮಾನ ಹತ್ತಿದವನು ಕಾಗದದ ಮೇಲೆ ಸ್ಟೇಬಲ್. ನಮ್ಮೂರಲ್ಲಿ ಒಬ್ಬರು ಇದನ್ನು ಕೇಳಿ, ಹಾಗಾದ್ರೆ ಹೋಗುವವರೆಗೆ ಡಾಕ್ಟರ್ ಹತ್ತಿರ ಹೋಗದೇ ಇದ್ರೆ ಆಯ್ತಲ್ವಾ ಅಂದರು. ಅದನ್ನು ಮಾತ್ರ ಮಾಡಬೇಡಿ. ಹೋಗುವ ಏಳೆಂಟು ತಿಂಗಳ ಮೊದಲೇ ಎಲ್ಲ ಟೆಸ್ಟ್ ಮಾಡಿಸಿ, ಬದಲಾಯಿಸುವುದನ್ನು ಆಗಲೇ ಬದಲಾಯಿಸಿ, ಆಮೇಲೆ ಟಿಕೆಟ್ ಮಾಡಿಸಿ. ವೀಸಾಕ್ಕೆ ಅಂತ ಬೆಂಗಳೂರಿನಲ್ಲಿ ಒಂದು ಮೆಡಿಕಲ್ ಆಗುತ್ತದಲ್ಲ, ಅದರಲ್ಲಿ ಪಾಸಾದರೆ ಇನ್ಶೂರೆನ್ಸಿಗೂ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ರೇಟ್: ಅಪ್ಪಯ್ಯನದ್ದು, ಕ್ಲೇಮ್ ಬಂದರೆ ಮೊದಲ 500 ಡಾಲರ್ ನಾವೇ ಕೊಡುವ ಲೆಕ್ಕದಲ್ಲಿ, ನಮ್ಮ ದುಡ್ಡಲ್ಲಿ ಸುಮಾರು ಒಂದೂವರೆ ಲಕ್ಷ. ಆಯಿಯದ್ದು ಅದಕ್ಕಿಂತ ಎಷ್ಟೋ ಕಡಿಮೆ. ಕ್ಲೇಮ್ ಬಂದರೆ ಮೊದಲು ನಾವು ಕೊಡುವ ಮೊತ್ತವನ್ನು ಹೆಚ್ಚು ಮಾಡಿಕೊಂಡಷ್ಟೂ ಪ್ರೀಮಿಯಂ ಇಳಿಯುತ್ತದೆ. ಅಪ್ಪಯ್ಯ ಕೇಳಿ, "ಮೂರು ಕ್ವಿಂಟಲ್ ಚಾಲಿ ಹೋತಲಾ ತಮಾ" ಅಂದ. ಅಡಿಕೆ ಲೆಕ್ಕ ಬಂದ ಮೇಲೆ ಅವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಅಕ್ಕ ಕಟ್ಟಿದಳು.

ಇನ್ನು ಕಂಪನಿ. ಜನವರಿಯ ಒಂದು ರಾತ್ರಿ ಊಟ ಆದ ಮೇಲೆ ಅಪ್ಪಯ್ಯನಿಗೆ ಎದೆ ಉರಿ, ಬೆವರು. ಸ್ಟೆಂಟ್ ಇದ್ದವರಿಗೆ ಹಾಗಾದರೆ ಯಾರು ಸುಮ್ನೆ ಕೂರುತ್ತಾರೆ? ಭಾವ ಕಾರು ತೆಗೆದ, ಅಕ್ಕ ದಾರಿಯಲ್ಲೇ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಇದು ಮರೆಯುವ ಹಾಗಿಲ್ಲ. ಮೊದಲೇ, ಇಲ್ಲವೇ ಆದಷ್ಟು ಬೇಗ ಫೋನ್ ಮಾಡದಿದ್ದರೆ ಕೊಡುವ ದುಡ್ಡಿನಲ್ಲಿ ಕಡಿತ ಮಾಡುತ್ತಾರೆ. ಫೋನಲ್ಲಿ ತುಂಬಾ ಹೊತ್ತು ಸಂಗೀತ ಕೇಳಿಸಿದರು. ಅದಕ್ಕೊಂದು ಅಂಕ ಕಳೆದೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಗಿ ಬೆಳಗಿನ ಜಾವ ಗ್ಯಾಸ್ಟ್ರಿಕ್ ಅಂತ ತೀರ್ಮಾನವಾಯಿತು. ಬಿಲ್ 1,800 ಡಾಲರಿನ ಆಸುಪಾಸು. ಅಕ್ಕನ ಕಾರ್ಡಲ್ಲಿ ಕಟ್ಟಿ ಬಂದರು.

ಗ್ಯಾಸ್ಟ್ರಿಕ್ ಆದರೂ ಹೋಗಿದ್ದು ಎದೆ ಹಿಡಿದುಕೊಂಡು, ಹಾಗಾಗಿ ಕಂಪನಿಯವರು ಹೃದಯದ ಚರಿತ್ರೆ ಪೂರ್ತಿ ಕೇಳಿದರು. 'ಫ್ಯಾಮಿಲಿ ಡಾಕ್ಟರ್ ಕಚೇರಿಯಿಂದ ಕಳೆದ ವರ್ಷದ ದಾಖಲೆ ಕಳಿಸಿ' ಅಂತ ಪತ್ರ. ಅಲ್ಲಿ ಡಾಕ್ಟರ್ ಕಂಪ್ಯೂಟರಲ್ಲಿ ಎಲ್ಲ ಇರುತ್ತದಂತೆ. ಇಲ್ಲಿ ಫೈಲ್ ಇರುವುದು ರೋಗಿಯ ಮನೆಯಲ್ಲಿ, ನಮ್ಮ ಮನೆಯಲ್ಲಂತೂ ಅಡಿಕೆ ವ್ಯಾಪಾರಿ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಇನ್ನೊಂದು ಹಣೆಬರಹ ನಿಮಗೆ ಗೊತ್ತೇ ಇದೆ. ಹೃದಯಕ್ಕೆ ಏನಾದರೂ ಆದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿತ್ತಲ್ಲ. ಹಾಗಾಗಿ ಒಬ್ಬ ಮನುಷ್ಯನ ಕಾಗದ ಒಂದೊಂದು ಊರಲ್ಲಿ ಒಂದೊಂದು.

ಹುಬ್ಬಳ್ಳಿಯ ಡಿಸ್ಚಾರ್ಜ್ ಸಮ್ಮರಿ ಮನೆಯಲ್ಲೇ ಇತ್ತು. ಶಿರಸಿಯ ಡಾಕ್ಟರ್ ಲೆಟರ್‌ಹೆಡ್ಡಿನಲ್ಲಿ ಒಂದು ಪುಟ ಬರೆದು ಸಹಿ, ಮೊಹರು ಹಾಕಿ ಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಮೆಡಿಕಲ್ ಶಾಪಿನ ಬಿಲ್. ನಾವು ತಿಂಗಳಿಗೊಮ್ಮೆ ಒಂದೇ ಅಂಗಡಿಯಲ್ಲಿ ತೆಗೆದುಕೊಳ್ಳುವವರು. ಅಂಗಡಿಯ ಹುಡುಗ ಕಂಪ್ಯೂಟರಿನಿಂದ ಒಂದು ವರ್ಷದ ಬಿಲ್ ಎಲ್ಲ ಪ್ರಿಂಟ್ ಹಾಕಿ ಕೊಟ್ಟ. ಅದನ್ನು ಕಳಿಸಿದರೆ ಹೊಸ ತಕರಾರು: ಜುಲೈಯಲ್ಲಿ ಒಂದು ಹೆಸರಿನ ಗುಳಿಗೆ, ಆಗಸ್ಟಲ್ಲಿ ಬೇರೆ ಹೆಸರು, ಔಷಧಿ ಬದಲಾಗಿದೆಯಲ್ಲ? ಬದಲಾಗಿರಲಿಲ್ಲ. ಎರಡೂ ಬಿಪಿಯ ಟೆಲ್ಮಿಸಾರ್ಟನ್ 40. ಒಂದು ಬ್ರ್ಯಾಂಡ್ ಸ್ಟಾಕ್ ಇಲ್ಲದಾಗ ಅಂಗಡಿಯವರು ಇನ್ನೊಂದು ಕೊಡುತ್ತಾರೆ, ನಾವು ಎಂಜಿ ನೋಡಿ ತರುತ್ತೇವೆ. ಒಳಗಿನ ಔಷಧಿ ಮತ್ತು ಡೋಸ್ ಒಂದೇ ಇದ್ದರೆ ಬ್ರ್ಯಾಂಡ್ ಬದಲಾಗಿದ್ದನ್ನು ಬದಲಾವಣೆ ಅಂತ ಲೆಕ್ಕ ಹಿಡಿಯುವುದಿಲ್ಲ ಅಂತ ಅವರ ಪಾಲಿಸಿಯಲ್ಲೇ ಬರೆದಿದೆ. ಬ್ರೋಕರ್ ಆ ಸಾಲಿಗೆ ಗೆರೆ ಹಾಕಿ ಕಂಪನಿಗೆ ಕಳಿಸಿದರು. ಡಾಕ್ಟರ್ ಇನ್ನೊಂದು ಚೀಟಿ ಕೊಟ್ಟರು. ಅದಾದ ಮೇಲೆ ಮೊದಲು ಕಳಿಸಿದ್ದ ಕಾಗದಗಳನ್ನೇ ಇನ್ನೊಮ್ಮೆ ಕೇಳಿದರು. ಎರಡನೇ ಅಂಕ ಹೋಗಿದ್ದು ಅಲ್ಲಿ.

ಕೊನೆಗೆ 500 ಕಳೆದು ಉಳಿದದ್ದು ಪೂರ್ತಿ ಬಂತು. ತಿಂಗಳುಗಟ್ಟಲೆ ಎಳೆದರು, ಆದರೆ ಕೊಟ್ಟರು. ಆದ್ದರಿಂದ 3.

ಹೋಗುವವರು ತಿಳಿದಿರಲಿ, ಇದು ತುರ್ತಿಗೆ ಮಾತ್ರ. ಮಾಮೂಲಿ ಚೆಕಪ್, ದಿನದ ಗುಳಿಗೆ ಯಾವುದೂ ಇದರಲ್ಲಿ ಬರುವುದಿಲ್ಲ. ಕೈಯಲ್ಲಿ ಒಯ್ಯಬಹುದಾದ ಔಷಧಿ ಹೆಚ್ಚೆಂದರೆ 90 ದಿನದ್ದು, ಚೀಟಿ ಜೊತೆ ಇರಲಿ, ಗುಳಿಗೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಪಾಲಿಸಿಯನ್ನು ಅಲ್ಲಿಗೆ ಹೋದ ಮೇಲೆ ಮಾಡಿಸಿದರೆ ಮೊದಲ ಕೆಲವು ದಿನ ಕಾಯಿಲೆಗೆ ಏನೂ ಸಿಗುವುದಿಲ್ಲ. ಮತ್ತೆ, ಇಲ್ಲಿಯ ಆರೋಗ್ಯ ವಿಮೆ ಇದ್ದರೆ ಹೊರಗೆ ಹೋದ ವರ್ಷ ಅದನ್ನು ಬಿಡಬೇಡಿ. ಹಳೇ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 3 ವರ್ಷಕ್ಕೆ ಇಳಿದಿದೆ, ನಿಜ. ಆದರೆ ಪಾಲಿಸಿ ತುಂಡಾದರೆ ಆ ಮೂರು ವರ್ಷ ಮೊದಲಿಂದ ಶುರು.

ಬೇರೆ ದೇಶದ್ದು ಬೇರೆ ಕತೆ. ಭಟ್ಕಳದ ಗೆಳೆಯನ ಪ್ರಕಾರ ದುಬೈಯ ಬೇಸಿಕ್ ಪಾಲಿಸಿಯಲ್ಲಿ ಹೊಸಬರಿಗೆ ಹಳೇ ಕಾಯಿಲೆಗೆ 6 ತಿಂಗಳು ಕಾಯಬೇಕು. ಆಸ್ಟ್ರೇಲಿಯಾದಲ್ಲಿ ಹೊರಗಿನವರ ಪಾಲಿಸಿಗೆ ಸಾಮಾನ್ಯವಾಗಿ 12 ತಿಂಗಳು. ಅಮೆರಿಕದಲ್ಲಿ ವಿಸಿಟರ್ ಪಾಲಿಸಿಗಳು ಹಳೇ ಕಾಯಿಲೆ ಹಠಾತ್ತಾಗಿ ಉಲ್ಬಣಿಸಿದಾಗ ಮಾತ್ರ ಕೊಡುತ್ತವೆ, ನಿಧಾನಕ್ಕೆ ಜಾಸ್ತಿಯಾದರೆ ಇಲ್ಲ. ಅಲ್ಲಿ ಹಳೇ ಕಾಯಿಲೆ ಇದೆ ಅಂತ ಯಾರಿಗೂ ಪಾಲಿಸಿ ನಿರಾಕರಿಸುವ ಹಾಗಿಲ್ಲ ಅನ್ನುವ ಕಾನೂನು ಇರುವುದು ಹೌದು, ಆದರೆ ಅದು ಅಲ್ಲೇ ನೆಲೆಸಿದವರ ಪಾಲಿಸಿಗೆ. ಸುತ್ತಾಡಲು ಹೋದ ನಮ್ಮವರಿಗೆ ಅದು ಸಿಗುವುದಿಲ್ಲ.

ಅಪ್ಪಯ್ಯ ವರ್ಷ ಪೂರ್ತಿ ಇರಲಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು, ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ ನನಗೇ ಹೇಳಿ ಮೇ ತಿಂಗಳಲ್ಲಿ ವಾಪಸ್ ಬಂದ. ಬೇಗ ಬಂದರೆ ಉಳಿದ ತಿಂಗಳ ಪ್ರೀಮಿಯಂ ವಾಪಸ್ ಕೊಡುತ್ತಾರೆ, ಆದರೆ ಕ್ಲೇಮ್ ಮಾಡಿದ್ದರೆ ಒಂದು ಡಾಲರೂ ಇಲ್ಲ. ಅಪ್ಪಯ್ಯನದ್ದು ಹಾಗಾಗಿ ಬರಲಿಲ್ಲ. ಆಯಿಯದ್ದು ಬೋರ್ಡಿಂಗ್ ಪಾಸ್ ಕಳಿಸಿದ ಮೇಲೆ ಸಣ್ಣದೊಂದು ಶುಲ್ಕ ಹಿಡಿದು ಕೊಟ್ಟರು. ಇಬ್ಬರದ್ದೂ ಬೇರೆ ಬೇರೆ ಪಾಲಿಸಿ ಮಾಡಿ ಅಂತ ಬ್ರೋಕರ್ ಮೊದಲೇ ಹೇಳಿದ್ದು ಇದಕ್ಕೇ. ಒಟ್ಟಿಗೆ ಮಾಡಿಸಿದರೆ ಸ್ವಲ್ಪ ರಿಯಾಯಿತಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ, ಒಬ್ಬರು ಕ್ಲೇಮ್ ಮಾಡಿದಾಗ ಇನ್ನೊಬ್ಬರ ದುಡ್ಡು ಏನಾಗುತ್ತದೆ ಅಂತ ಮೊದಲು ಕೇಳಿ.