ಅರಾಸ್ತ್ರಾ ಮತ್ತು ಸ್ಟ್ಯಾಂಪ್ ಮಿಲ್ ಮಾದರಿಗಳು: ಒನಕೆ ಗಟ್ಟಿ, ಹಾಸುಗಲ್ಲು ಮೆತ್ತಗೆ

ಹಟ್ಟಿಯ ಚಿನ್ನದ ಗಣಿ ನೋಡಿ ಬಂದ ನಮ್ಮ ಶಾಲೆಯ ಮಕ್ಕಳಿಗೆ ಹಳೆಯ ಕಾಲದಲ್ಲಿ ಅದಿರನ್ನು ಪುಡಿ ಮಾಡುತ್ತಿದ್ದ ಬಗೆಯನ್ನು ತೋರಿಸಲೆಂದು, ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಲೇತ್ ವರ್ಕ್‌ಶಾಪಿನಲ್ಲಿ ತಿರುಗಿಸಿ ನಡೆಸಬಹುದಾದ ಎರಡು ಮಾದರಿಗಳನ್ನು ಮಾಡಿಸಿದೆವು. ಅಮೆರಿಕದ ಮೊಹಾವಿ ಮರುಭೂಮಿಯ ಗಣಿಗಳಲ್ಲಿ ಬಳಕೆಯಲ್ಲಿದ್ದ, ಭಾರದ ಕಲ್ಲೆಳೆದು ಅದಿರು ಅರೆಯುವ ಅರಾಸ್ತ್ರಾ ಒಂದು. ಅದಿರನ್ನು ಕುಟ್ಟಿ ಪುಡಿ ಮಾಡುವ, ಐದು ಒನಕೆಗಳ ಸ್ಟ್ಯಾಂಪ್ ಮಿಲ್ ಇನ್ನೊಂದು. ಎರಡಕ್ಕೂ ಸೇರಿ 14,000 ರೂಪಾಯಿ ಆಯಿತು.

ಸ್ಟ್ಯಾಂಪ್ ಮಿಲ್ಲಿನ ಕೆಲಸ ಅಚ್ಚುಕಟ್ಟಾಗಿದೆ. ಇದರಲ್ಲಿ ಕ್ಯಾಮ್ (ತಿರುಗುವ ಅಚ್ಚಿನ ಮೇಲಿನ ಬಾಗಿದ ಚಾಚು) ಒನಕೆಯನ್ನು ಎತ್ತಿ ಬಿಟ್ಟರೆ ಸಾಲದು, ಎತ್ತುವಾಗಲೇ ಅದನ್ನು ತುಸು ತಿರುಗಿಸಲೂ ಬೇಕು. ಇಲ್ಲವಾದರೆ ಒನಕೆಯ ಅಡಿ ಒಂದೇ ಬದಿಗೆ ಸವೆಯುತ್ತದೆ. ಐದೂ ಒನಕೆಗಳು ಸಾಲಾಗಿ ಒಂದರ ಹಿಂದೊಂದು ಬೀಳದೆ, ನಡುನಡುವೆ ಬಿಟ್ಟು ಬೀಳುವಂತೆ ಕ್ಯಾಮ್‌ಗಳನ್ನು ಕೂರಿಸಿರುವುದರಿಂದ ಅದಿರು ತೊಟ್ಟಿಯ ಒಂದೇ ಮೂಲೆಗೆ ಸೇರುವುದಿಲ್ಲ. ಅಮೆರಿಕದ ಡೆತ್ ವ್ಯಾಲಿಯ ಕೀನ್ ವಂಡರ್ ಚಿನ್ನದ ಗಣಿಯಲ್ಲಿ 1907ರಲ್ಲಿ ನಿಲ್ಲಿಸಿದ್ದು ಇಂಥವೇ 20 ಒನಕೆಗಳ ಗಿರಣಿ. ಸದ್ದು ಮಾತ್ರ ಪಕ್ಕದ ತರಗತಿಯವರು ಬಾಗಿಲು ಹಾಕಿಕೊಳ್ಳುವಷ್ಟಿದೆ.

ತಕರಾರು ಇರುವುದು ಅರಾಸ್ತ್ರಾದಲ್ಲಿ. ಕಲ್ಲು ಹಾಸಿದ ದುಂಡನೆಯ ಗುಂಡಿ, ನಡುವೆ ಕಂಬ, ಅದರ ತೋಳಿಗೆ ಸರಪಳಿಯಿಂದ ಕಟ್ಟಿದ ಭಾರದ ಕಲ್ಲು, ಅದನ್ನು ಎಳೆದು ಸುತ್ತುವ ಹೇಸರಗತ್ತೆ: ನಮ್ಮ ಕಡೆಯ ಗಾರೆ ಅರೆಯುವ ಗಾಣವನ್ನು ಕಂಡವರಿಗೆ ಇದು ಹೊಸದೆನಿಸದು, ಆದರೆ ಇಲ್ಲಿ ಕಲ್ಲು ಉರುಳುವುದಿಲ್ಲ, ಉಜ್ಜುತ್ತಾ ಸಾಗುತ್ತದೆ. ಕೆಲಸ ನಿಧಾನವಾದರೂ ಸ್ಟ್ಯಾಂಪ್ ಮಿಲ್ಲಿಗಿಂತ ಬಹಳ ಕಡಿಮೆ ನೀರಿನಲ್ಲಿ ನಡೆಯುತ್ತಿದ್ದುದರಿಂದ ಮರುಭೂಮಿಯ ಬಡ ಗಣಿಗಾರರು ಇದನ್ನು ಬಿಡಲಿಲ್ಲ. ವರ್ಕ್‌ಶಾಪಿನವರು ಸುಲಭಕ್ಕೆ ಸಿಗುವ ಶಹಾಬಾದ್ ಫರಸಿಯನ್ನೇ ತಳಕ್ಕೆ ಹಾಸಿದ್ದರು. ಅದು ಸುಣ್ಣದ ಕಲ್ಲು. ಬೆಣಚುಕಲ್ಲಿನ ಪುಡಿ ಹಾಕಿ ಒಂದು ತಾಸು ತಿರುಗಿಸುವಷ್ಟರಲ್ಲಿ ಅದಿರಿಗಿಂತ ಮೊದಲು ಫರಸಿಯೇ ಅರೆದು ನೀರೆಲ್ಲ ಬೆಳ್ಳಗಾಯಿತು. ಬೀಸುವ ಕಲ್ಲಿಗೆ ಬಳಸುವ ಕರಿಕಲ್ಲನ್ನೇ ಹಾಸಿರೆಂದು ನಾವು ಮೊದಲೇ ಹೇಳಿದ್ದರೂ, ಬದಲಿಸಿಕೊಡಲು ಮೂರು ವಾರ ಹಿಡಿದರು, ಮೇಲೆ 900 ರೂಪಾಯಿ ಕೇಳಿದರು.

ಹಿಂದಿನವರು ಚಿನ್ನ ಹಿಡಿಯಲು ಗುಂಡಿಗೆ ಪಾದರಸ ಸುರಿಯುತ್ತಿದ್ದರು. ಮಕ್ಕಳ ನಡುವೆ ಅಂಥ ವಿಷ ಬೇಡವೆಂದು ನಾವು ಪಾದರಸ ಬಿಟ್ಟು, ಚಿನ್ನದ ಬದಲಿಗೆ ಹಿತ್ತಾಳೆಯ ಅರದ ಪುಡಿಯನ್ನಷ್ಟೇ ಮರಳಿಗೆ ಬೆರೆಸಿದೆವು. ಕರಿಕಲ್ಲು ಹಾಸಿದ ಮೇಲೆ ಆ ಪುಡಿಯ ಬಹುಪಾಲು ಹಾಸುಗಲ್ಲುಗಳ ಸಂದಿನಲ್ಲೇ ಇಳಿದು ಕೂತಿತು.