ಗೂಗಲ್ ಸ್ಕಾಲರ್, ಸೆಮ್ಯಾಂಟಿಕ್ ಸ್ಕಾಲರ್, ಚಾಟ್‌ಬಾಟ್: ಮೂರಕ್ಕೂ ಒಂದೇ ಪ್ರಶ್ನೆ

ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಅದನ್ನು ಮನೆಯಲ್ಲೇ ಅಗ್ಗವಾಗಿ ತೆಗೆಯುವ ಬಗ್ಗೆ ಏನೇನು ಸಂಶೋಧನೆ ಆಗಿದೆ ಅಂತ ಮೂರು ಕಡೆ ಹುಡುಕಿ ನೋಡಿದೆ.

ಮೊದಲು ಚಾಟ್‌ಬಾಟ್ (ಯಾವುದು ಅನ್ನೋದು ಬೇಡ). ಕನ್ನಡದಲ್ಲೇ ಕೇಳಿದರೂ ಪಟಪಟ ಅಂತ ಹೇಳಿತು: ಪಟಿಕ, ಸುಣ್ಣ ಹಾಕುವ ನಲ್ಗೊಂಡ ವಿಧಾನ, ಆಕ್ಟಿವೇಟೆಡ್ ಅಲ್ಯೂಮಿನಾ (ಫ್ಲೋರೈಡನ್ನು ಮೈಮೇಲೆ ಹಿಡಿದಿಡುವ ಅಲ್ಯೂಮಿನಿಯಂ ಆಕ್ಸೈಡ್), ಮೂಳೆ ಇದ್ದಿಲು. ವಿಷಯಕ್ಕೆ ಹೊಸಬರಾದವರಿಗೆ ಈ ಹೆಸರುಗಳು ಸಿಗುವುದೇ ದೊಡ್ಡ ಉಪಕಾರ. ಆದರೆ ಕುಡಿಯುವ ನೀರಿನ ಫ್ಲೋರೈಡಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1.5 ಮಿಲಿಗ್ರಾಂ ಎಂದು ಮುಗಿಸಿಬಿಟ್ಟಿತು. ಮಾನಕದಲ್ಲಿರುವುದು 1.0, ಬೇರೆ ನೀರಿನ ಮೂಲವೇ ಇಲ್ಲದಾಗ ಮಾತ್ರ 1.5ರವರೆಗೆ. ಚಾಟ್‌ಬಾಟ್ ಕೊಟ್ಟ ಡಿಒಐಗಳಲ್ಲಿ (ಲೇಖನವನ್ನು ನೇರ ತೆರೆಯುವ ಗುರುತು ಸಂಖ್ಯೆ) ಒಂದನ್ನು ತೆರೆದರೆ ಸಂಬಂಧವೇ ಇಲ್ಲದ ಲೇಖನ.

ಅಲೆನ್ ಇನ್‌ಸ್ಟಿಟ್ಯೂಟ್‌ನ ಸೆಮ್ಯಾಂಟಿಕ್ ಸ್ಕಾಲರ್ ಎಂಬ ಸಂಶೋಧನಾ ಲೇಖನ ಹುಡುಕುವ ತಾಣ 2015ರಿಂದ ಇದೆ. ಅನೇಕ ಲೇಖನಗಳ ಕೆಳಗೆ ಎಐ ಬರೆದ ಒಂದು ಸಾಲಿನ ಸಾರ ಇರುತ್ತದೆ. ರಾಶಿಯಲ್ಲಿ ಕಾಳು ಜೊಳ್ಳು ಬೇರೆ ಮಾಡಲು ಇದಕ್ಕಿಂತ ಬೇಗದ ದಾರಿ ನನಗಂತೂ ಸಿಕ್ಕಿಲ್ಲ. ಆದರೆ ಆ ಸಾರ ಹುಟ್ಟುವುದು ಲೇಖಕರೇ ಬರೆದ ಸಾರಾಂಶ, ಪೀಠಿಕೆ, ಉಪಸಂಹಾರಗಳಿಂದ. ನನಗೆ ಬೇಕಾದ ಗುಟ್ಟು ಇರುವುದು ನಡುವಿನ ಪ್ರಯೋಗವಿಧಾನದ ಭಾಗದಲ್ಲಿ: ಪರೀಕ್ಷೆಗೆ ಬಳಸಿದ್ದು ನಿಜವಾದ ಬೋರ್‌ವೆಲ್ ನೀರೋ, ಬಟ್ಟಿಯಿಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿದ್ದೋ? ಬೋರ್‌ವೆಲ್ ನೀರಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಅಲ್ಯೂಮಿನಾದ ಮೇಲೆ ಫ್ಲೋರೈಡ್ ಕೂರುವ ಜಾಗಕ್ಕೆ ಅದೂ ಪೈಪೋಟಿ ಮಾಡುತ್ತದೆ. ಪ್ರಯೋಗಾಲಯದಲ್ಲಿ ಗೆದ್ದ ಪುಡಿ ಊರಿನ ನೀರಿನಲ್ಲಿ ಸೋಲುವುದು ಹೀಗೆ. ಒಂದು ಸಾಲಿನ ಸಾರ ನಂಬಿದವರಿಗೆ ಈ ಸಂಗತಿ ಗೊತ್ತೇ ಆಗುವುದಿಲ್ಲ.

2004ರ ಗೂಗಲ್ ಸ್ಕಾಲರ್ ಇವೆರಡರ ಮುಂದೆ ಹಳೇ ತಲೆ. ಸಾರ ಗೀರ ಹೇಳಿಸಿಕೊಳ್ಳಲು ನಾನು ಅಲ್ಲಿಗೆ ಹೋಗುವುದೂ ಇಲ್ಲ. ಆದರೆ ಒಂದು ಲೇಖನವನ್ನು ಮುಂದೆ ಯಾರ್ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ 'ಸೈಟೆಡ್ ಬೈ' ಇದೆಯಲ್ಲ, ಅದೊಂದೇ ಸಾಕು. ನಲ್ಗೊಂಡ ವಿಧಾನದ ಮೇಲಿನ ಒಂದು ಹಳೇ ಲೇಖನ ಹಿಡಿದು ಅದನ್ನು ಒತ್ತುತ್ತಾ ಹೋದರೆ, ಸೋಸಿದ ನೀರಲ್ಲಿ ಉಳಿಯುವ ಅಲ್ಯೂಮಿನಿಯಂ ಬಗ್ಗೆ ತಕರಾರು ಎತ್ತಿದವರೆಲ್ಲ ಸಿಗುತ್ತಾರೆ. ಆ ಜಗಳ ಚಾಟ್‌ಬಾಟ್‌ನ ನಯವಾದ ಉತ್ತರದಲ್ಲಿ ಇರಲೇ ಇಲ್ಲ.

ಹಾಗಾಗಿ ಈಗ ಚಾಟ್‌ಬಾಟ್‌ನಿಂದ ಹುಡುಕುಪದ ಮಾತ್ರ ಇಸಿದುಕೊಳ್ಳುತ್ತೇನೆ, ಉಲ್ಲೇಖ ಮುಟ್ಟುವುದಿಲ್ಲ. ಊರೂರಿನ ನೀರಿನ ಕೋಷ್ಟಕ ಬೇಕಾದಾಗ ಮೂರನ್ನೂ ಬಿಟ್ಟು ಶೋಧಗಂಗಾಕ್ಕೆ ಹೋಗಿ, ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಅಧ್ಯಾಯವಾರು ಪಿಡಿಎಫ್ ಇಳಿಸಿಕೊಂಡು ಓದುತ್ತೇನೆ.